ಒಲೆ ಎಣಿಸಿದ ಮೇಷ್ಟ್ರು

ಮನುಷ್ಯ ಭೂಮಿಗೆ ಭಾರವೋ ಬಲವೋ ಎಂಬ ಪ್ರಶ್ನೆ ನಾಗರಿಕತೆ ಕಣ್ಣು ಬಿಟ್ಟಂದಿನಿಂದ ಜ್ಞಾನಿಗಳ ನಿದ್ದೆ ಕೆಡಿಸಿದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕವರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ, ಸಿಗದವರು ಇನ್ನೊಂದು. ತತ್ತ್ವಶಾಸ್ತ್ರ ಅಲ್ಲಿಗೆ ಮುಗಿಯುತ್ತದೆ. ಆ ಬಸ್ಸಿನಲ್ಲಿ ನಿಂತುಕೊಂಡೇ, ಪಾದದ ಮೇಲೆ ಯಾರದೋ ಟ್ರಂಕು, ಬೆನ್ನಿಗೆ ಯಾರದೋ ಮೊಣಕೈ ಇಟ್ಟುಕೊಂಡೇ, ಸೀಟು ಸಿಕ್ಕವರ ಉತ್ತರ ಕೊಡುತ್ತಿದ್ದ ಮನುಷ್ಯ ನಾನು ಕಂಡಂತೆ ಒಬ್ಬರೇ.

"ಜನ ಜಾಸ್ತಿ ಆಗಿಲ್ಲ ಕಣ್ರಿ, ಬಸ್ಸು ಕಮ್ಮಿ ಆಗ್ಯಾವೆ," ಎಂದು ಅವರು ಕಂಡಕ್ಟರನಿಗೆ ವಿವರಿಸುತ್ತಿದ್ದರು.

"ಅಂಗಾರೆ ನೀವು ಇಳೀರಿ ಸಾರ್. ಇದ್ರಾಗಂತೂ ಜಾಸ್ತಿನೇ ಆಗೈತೆ," ಎನ್ನುತ್ತಿದ್ದ ಅವನು.

ಕಳೆದ ತಿಂಗಳು ಅವರು ತೀರಿಕೊಂಡರು. ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಮೃತರನ್ನು 'ಜನಸಂಖ್ಯಾ ನಿಯಂತ್ರಣಕ್ಕಾಗಿ ಜೀವ ಸವೆಸಿದ ಮಹನೀಯರು' ಎಂದು ಬಣ್ಣಿಸಿ ಕೂತರು. ಮೃತರು ಎದ್ದು ಬಂದು ಉತ್ತರ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದರಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಅವರು ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿಗಳು ಅಕ್ಕಪಕ್ಕ. ಕಿಟಕಿಯಾಚೆ ಕೋಟೆಯ ಬಂಡೆಗಳು, ಈಚೆ ನಾವು. ಯಾರು ಹೆಚ್ಚು ಜಡ ಎಂಬುದು ಪ್ರಾಂಶುಪಾಲರಿಗೂ ಇತ್ಯರ್ಥವಾಗದ ವಿಷಯವಾಗಿತ್ತು. ಹುಡುಗರು ಅವರಿಗೆ ಇಟ್ಟ ಹೆಸರು 'ಪಾದ್ರಿ ಮೇಷ್ಟ್ರು'. ಹಣೆ ತುಂಬ ವಿಭೂತಿ ಧರಿಸುವ ಹೊಸದುರ್ಗದ ಕಡೆಯ ಮನುಷ್ಯನಿಗೆ ಈ ಬಿರುದು ಬಂದದ್ದು ಮತಾಂತರದಿಂದಲ್ಲ, ದ್ವೇಷದಿಂದ. ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿ, ಜನ ಬೆಳೆಯುವಷ್ಟು ವೇಗವಾಗಿ ಅನ್ನ ಬೆಳೆಯುವುದಿಲ್ಲ, ಆದ್ದರಿಂದ ಬಡವರು ಹೆಚ್ಚು ಹೆರುವುದು ಅನಾಹುತ ಎಂದು ಬರೆದಿಟ್ಟು ಹೋದನಂತೆ. ಜಗತ್ತು ಅದನ್ನು ಓದಿ ಮುಂದೆ ನಡೆಯಿತು. ನಮ್ಮ ಮೇಷ್ಟ್ರು ಮಾತ್ರ ಅದನ್ನು ತಮ್ಮ ಮನೆತನಕ್ಕೆ ಆದ ಅವಮಾನವೆಂದು ತೆಗೆದುಕೊಂಡರು. ಕಾರಣವಿತ್ತು. ಅವರು ಬಡವರ ಮನೆಯ ಕಡೆಯ ಮಗ.

"ಆ ಪಾದ್ರಿ ಮಾತು ನಮ್ಮವ್ವ ಕೇಳಿದ್ರೆ ನಾನೇ ಇರ್ತಿರ್ಲಿಲ್ಲ. ನಾನೇ ಇಲ್ದ ಮೇಲೆ ಅವನ್ನ ಬೈಯೋರ್ಯಾರು?" ಎಂದು ಕೇಳುತ್ತಿದ್ದರು. ಇದಕ್ಕೆ ಪಾದ್ರಿಯ ಬಳಿಯೂ ಉತ್ತರವಿರಲಾರದು.

ಯಾರ ಮನೆಯಲ್ಲಿ ತೊಟ್ಟಿಲು ತೂಗಿದರೂ ಹೋಗುತ್ತಿದ್ದರು. ಎಲ್ಲರೂ ಮಗುವಿನ ಮುಖ ನೋಡಿ ಅಪ್ಪನ ಹಾಗಿದೆ, ಅಜ್ಜಿಯ ಹಾಗಿದೆ ಎಂದು ಸುಳ್ಳು ಹೇಳುತ್ತಿರುವಾಗ ಇವರು ಬಟ್ಟೆ ಸರಿಸಿ ಅದರ ಮುಷ್ಟಿ ಬಿಡಿಸಿ ನೋಡುತ್ತಿದ್ದರು. "ಪಾದ್ರಿ ಬಾಯಿ ಎಣಿಸಿದ, ಕೈ ಎಣಿಸೋದು ಮರೆತ. ಬಾಯಿ ಒಂದು ಬಂದ್ರೆ ಕೈ ಎರಡು ಬರ್ತಾವೆ" ಎಂಬುದು ಅವರ ಸಿದ್ಧಾಂತದ ಸಾರ. ಇಷ್ಟನ್ನು ಹೇಳಲು ಅವರು ಬರೆದ ಪಿಎಚ್.ಡಿ. ಪ್ರಬಂಧ ಎರಡು ಸಂಪುಟವಾಗಿತ್ತು.

ಇಂಥವರಿಗೆ ಸ್ವಂತ ಮಕ್ಕಳು ಎರಡೇ. ಸಹೋದ್ಯೋಗಿಗಳು ಇದನ್ನು ಹಿಡಿದು ಕೆಣಕಿದಾಗ ಅವರ ಹೆಂಡತಿ, ಹೊಳಲ್ಕೆರೆ ಕಡೆಯ ಖಡಕ್ ಹೆಣ್ಣುಮಗಳು, ಕಾಫಿ ಕೊಡುತ್ತಾ ಹೇಳಿದರು: "ಸಿದ್ಧಾಂತ ಬರೆಯೋರು ಅವರು, ಹೆರೋಳು ನಾನು. ಎರಡಕ್ಕೇ ಸಾಕು ಅಂದೆ. ಪಾದ್ರಿ ಕೇಳಿ ಅಂದಿದ್ದಲ್ಲ."

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಈ ಪ್ರಬಂಧ ಕೇವಲ ಪಾದ್ರಿಯ ವಿಷಯವಾಗಿ ಉಳಿದಿರಲಿಲ್ಲ. ಹಾಲಿ ಪ್ರಾಂಶುಪಾಲರು ನಿವೃತ್ತರಾಗುವವರಿದ್ದರು. ಡಾಕ್ಟರೇಟ್ ಇದ್ದವರಿಗೇ ಆ ಕುರ್ಚಿ ಎಂದು ಆಡಳಿತ ಮಂಡಳಿ ಠರಾವು ಮಾಡಿತ್ತು. ಸೇವಾ ಹಿರಿತನದಲ್ಲಿ ನಮ್ಮ ಮೇಷ್ಟ್ರೇ ಮುಂದು. ಡಾಕ್ಟರೇಟ್ ಇದ್ದದ್ದು ರಸಾಯನಶಾಸ್ತ್ರದವರ ಹತ್ತಿರ. ಅವರು ಆಗಲೇ ಪ್ರಾಂಶುಪಾಲರ ಕೋಣೆಯ ಪರದೆಯ ಬಣ್ಣದ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸತೊಡಗಿದ್ದರು. ಹೀಗಾಗಿ ಒಂದು ದಶಕಕ್ಕೂ ಮಿಕ್ಕಿ ಬರೆದ ಪ್ರಬಂಧ ಸಲ್ಲಿಕೆಯಾಗಿ, ಮೌಖಿಕ ಪರೀಕ್ಷೆಗೆ ದಿನ ಗೊತ್ತಾದಾಗ ಇಡೀ ಸ್ಟಾಫ್ ರೂಮು ಎರಡು ಪಕ್ಷವಾಯಿತು. ನಾನು ಪಾದ್ರಿಯ ವಿರೋಧಿ ಪಕ್ಷದಲ್ಲಿದ್ದೆ. ಅರ್ಥಶಾಸ್ತ್ರ ನನಗೆ ತಿಳಿಯದು, ರಸಾಯನಶಾಸ್ತ್ರದವರನ್ನು ಬಲ್ಲೆ.

ಪ್ರಬಂಧದ ಜೀವ ಐದನೆಯ ಅಧ್ಯಾಯದಲ್ಲಿತ್ತು. ಉಳಿದವು ಪಾದ್ರಿಯನ್ನು ಬೈದವರು ಯಾರು, ಹೊಗಳಿದವರು ಯಾರು ಎಂಬ ಪುರಾಣ. ಐದನೆಯದಕ್ಕಾಗಿ ಅವರು ರಜೆ ಬಂದಾಗಲೆಲ್ಲ ಐಮಂಗಲದ ಆಚೀಚೆ ಕುರಿ ಸಾಕುವವರ ಹಟ್ಟಿಗಳಿಗೆ ಹೋಗುತ್ತಿದ್ದರು. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಸೇರಿ ಒಂದು ಮನೆ ಎಂಬುದು ಅವರ ಶಾಸ್ತ್ರದ ನಿಯಮ. ಜಗುಲಿಯ ಮೇಲೆ ಕೂತು ಮನೆಯ ಹಿರಿಯನನ್ನು ಕೇಳುವುದು: "ಒಲೆ ಎಷ್ಟು?" ಹಿರಿಯ ಹೇಳುವುದು: "ಒಂದೇ ಐತೆ." ಆಮೇಲೆ ಆ ಒಲೆಗೆ ಸೇರಿದ ಗಂಡಸರು, ಹೆಂಗಸರು, ಮಕ್ಕಳು, ಕುರಿ, ಹೊಲ. ಒಬ್ಬ ಮಗ ಕುರಿಯ ಹಿಂದೆ ಊರೂರು ಅಲೆಯುತ್ತಾನೆ, ಒಬ್ಬ ಹೊಲ ನೋಡುತ್ತಾನೆ, ಒಬ್ಬ ಹಿರಿಯೂರಿನ ಕಾಯಿ ಮಂಡಿಯಲ್ಲಿ ದುಡಿಯುತ್ತಾನೆ. ಒಬ್ಬನಿಗೆ ಸೋಲಾದ ವರ್ಷ ಇನ್ನೊಬ್ಬ ಎಳೆಯುತ್ತಾನೆ. ಆದ್ದರಿಂದ ಒಲೆಯ ಸುತ್ತ ಜನ ಹೆಚ್ಚಿದಷ್ಟೂ ಮನೆ ಗಟ್ಟಿ. ಇದು ಐದನೆಯ ಅಧ್ಯಾಯ. ಪಾದ್ರಿ ಬದುಕಿದ್ದರೆ ಕ್ಷಮೆ ಕೇಳಬೇಕಾಗಿದ್ದ ಅಧ್ಯಾಯ.

ಮೌಖಿಕ ಪರೀಕ್ಷೆಗೆ ಕೆಲವೇ ವಾರಗಳಿದ್ದಾಗ ಆ ಹಟ್ಟಿಗಳಲ್ಲೊಂದರ ಅಜ್ಜ ತೀರಿಕೊಂಡ. ಮೇಷ್ಟ್ರಿಗೆ ಬಹಳ ಬೇಕಾದ ಅಜ್ಜ; ನಾಲ್ಕು ಗಂಡುಮಕ್ಕಳ, ಮನೆ ತುಂಬ ಮೊಮ್ಮಕ್ಕಳ ಆ ಮನೆಯೇ ಐದನೆಯ ಅಧ್ಯಾಯದ ಮುಖ್ಯ ಕಂಬ. "ತಿಥಿಗೆ ಹೋಗಾಣ ಬರ್ರಿ, ಅಷ್ಟು ಮಜ್ಜಿಗೆ ಕುಡಿದೀನಿ" ಎಂದರು. ಮಜ್ಜಿಗೆ ಕುಡಿಯದ ನಾನೂ ಹೋದೆ.

ಅಲ್ಲಿಯವರೆಗೆ ಅವರು ಜಗುಲಿ ದಾಟಿದವರಲ್ಲ. ಲೆಕ್ಕ ಕೇಳಲು ಬಂದ ಗಂಡಸನ್ನು ಯಾರು ಒಳಗೆ ಕರೆಯುತ್ತಾರೆ? ಅಂದು ನೆಂಟರ ಜತೆ ನಮ್ಮನ್ನೂ ಒಳಗೇ ಊಟಕ್ಕೆ ಕೂರಿಸಿದರು. ಉದ್ದನೆಯ ಪಡಸಾಲೆ. ಅದಕ್ಕೆ ನಾಲ್ಕು ಬಾಗಿಲು. ಬಾಗಿಲೆಲ್ಲ ತೆರೆದಿದ್ದವು, ಒಳಗೆಲ್ಲ ಅಡುಗೆ ನಡೆಯುತ್ತಿತ್ತು. ನಾನು ಮುದ್ದೆ ಮುರಿಯುವುದರಲ್ಲಿದ್ದೆ. ಪಕ್ಕದಲ್ಲಿ ಮೇಷ್ಟ್ರ ಕೈ ಎಲೆಯ ಮೇಲೆ ನಿಂತೇಬಿಟ್ಟಿತ್ತು.

"ಏನವ್ವ, ತಿಥಿಗೆ ಅಂತ ಒಲೆ ಹೂಡಿದ್ರಾ?" ಎಂದು ಬಡಿಸುತ್ತಿದ್ದ ಎರಡನೆಯ ಸೊಸೆಯನ್ನು ಕೇಳಿದರು.

"ಇಲ್ಲ ಸಾರ್, ಇವು ಇರೋವೇ. ನಾನು ಮದುವೆಯಾಗಿ ಬಂದ ಮೂರು ತಿಂಗಳಿಗೇ ನಮ್ಮದು ಬ್ಯಾರೆ ಆತು."

"ಅಜ್ಜ ಒಂದೇ ಒಲೆ ಅಂದಿದ್ನಲ್ಲವ್ವ?"

"ಮತ್ತೇನಂದಾನು? ಹಿರೇರು ಉಸಿರಾಡೋತನ ಮನೆ ಒಂದೇ ಅನ್ನಬೇಕು. ಹೊರಗಿನೋರ ಮುಂದೆ ಮನೆ ಒಡದೈತೆ ಅಂದ್ರೆ ಆ ಮುದುಕಪ್ಪನ ಮಕ ಏನಾಗಬೇಕು? ಈ ಕಡೆ ಹಟ್ಟಿಗಳಾಗೆ ಎಲ್ಲಾ ಇಂಗೇಯ. ಪಾಯಸ ಬಿಡ್ಲಾ?"

ಪಾಯಸ ಬಿಟ್ಟರು. ಮೇಷ್ಟ್ರು ಅದನ್ನು ನೋಡುತ್ತಾ ಕೂತರು. ಆಮೇಲೆ ತಲೆ ಎತ್ತಿ ಪ್ರತಿ ಬಾಗಿಲ ಒಳಗೂ ಒಲೆಯ ಮೇಲಿನ ಗೋಡೆಯನ್ನು ನೋಡಿದರು. ಮಸಿ ಒಂದೇ ದಪ್ಪ. ಎಷ್ಟೋ ವರ್ಷದ ಮಸಿ.

ಐಮಂಗಲದ ಬಳಿ ಹೆದ್ದಾರಿಯಲ್ಲಿ ಬಸ್ಸಿಗೆ ಕಾದು ನಿಂತೆವು. ಲಾರಿಗಳು ನಮ್ಮ ಪಂಚೆ ಹಾರಿಸಿಕೊಂಡು ಹೋಗುತ್ತಿದ್ದವು.

"ನೋಡಿದ್ರಾ?" ಎಂದರು.

"ಏನನ್ನ?"

"ಒಲೆ."

"ನಾನು ಎಲೆ ಮಾತ್ರ ನೋಡ್ದೆ."

ಆಗ ವಿವರಿಸಿದರು. ದೊಡ್ಡ ಮನೆ ಎಂದು ಅವರು ಬರೆದುಕೊಂಡದ್ದು ನಾಲ್ಕು ಸಣ್ಣ ಮನೆಗಳನ್ನು. ಒಬ್ಬ ಸೋತಾಗ ಇನ್ನೊಬ್ಬ ಎಳೆಯುತ್ತಾನೆ ಎಂದು ಅಧ್ಯಾಯ ಸಾರುತ್ತಿತ್ತು. ಎಳೆಯುವ ಹಗ್ಗ ಕಡಿದು ವರ್ಷಗಳೇ ಆಗಿದ್ದವು. ಕೂಡಿ ಬದುಕಿದ್ದರಿಂದ ಗಟ್ಟಿಯಾದರು ಎಂದು ಸಾಧಿಸಿದ್ದು ಕೂಡಿಯೇ ಇರದವರ ಲೆಕ್ಕದ ಮೇಲೆ. ಒಂದು ಮನೆಯಲ್ಲಲ್ಲ, ಹಟ್ಟಿಹಟ್ಟಿಯಲ್ಲೂ ಹೀಗೇ.

"ಯಾರಿಗೂ ಗೊತ್ತಿಲ್ಲವಲ್ಲ," ಎಂದೆ. ಕನ್ನಡ ಮೇಷ್ಟ್ರು ಕೊಡಬಹುದಾದ ಸಮಾಧಾನ ಅಷ್ಟೇ.

"ನಂಗೆ ಗೊತ್ತಾತಲ್ರಿ," ಎಂದರು. ಬಸ್ಸು ಬಂತು. ಅಂದು ಸೀಟು ಖಾಲಿಯಿದ್ದವು. ಅವರು ದುರ್ಗದವರೆಗೂ ನಿಂತೇ ಬಂದರು.

ಮಾರನೆಯ ದಿನವೇ ತಮ್ಮ ಮಾರ್ಗದರ್ಶಕರ ಬಳಿಗೆ ಹೋಗಿ ಹೇಳಿದರಂತೆ. ಮಾರ್ಗದರ್ಶಕರು ಲೋಕಾನುಭವಿಗಳು. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು ಅಪ್ಪಣೆ ಕೊಡಿಸಿದರು: "ನೋಡ್ರಿ, ಬೈಂಡಿಂಗ್ ಆದ ಮೇಲೆ ಸತ್ಯ ಬದಲಾಗಬಾರದು." ಪರೀಕ್ಷೆ ಮುಗಿಯಲಿ, ಡಿಗ್ರಿ ಬರಲಿ, ಆಮೇಲೆ ಬೇಕಾದರೆ ಇದನ್ನೇ ಒಂದು ಲೇಖನ ಮಾಡಿ ಅಚ್ಚು ಹಾಕಿಸಿ, ತಪ್ಪು ಮಾಡಿದ್ದಕ್ಕೊಂದು, ತಿದ್ದಿದ್ದಕ್ಕೊಂದು ಹೆಸರು ಎಂದೂ ಸೇರಿಸಿದರಂತೆ.

ಮನೆಯಲ್ಲಿ ಹೆಂಡತಿಗೂ ತಿಳಿಯಿತು. ತಿಳಿಯದಿರಲು ಸಾಧ್ಯವಿರಲಿಲ್ಲ; ಊಟಕ್ಕೆ ಕೂತವರು ಅನ್ನ ಬಿಟ್ಟು ಒಲೆ ನೋಡುತ್ತಿದ್ದರು. ನಾನು ಅಲ್ಲಿದ್ದಾಗಲೇ ಆಕೆ ಕೇಳಿದರು: "ಅವರ್ಯಾರೋ ಒಲೆ ಬ್ಯಾರೆ ಮಾಡ್ಕಂಡ್ರೆ ನಮ್ಮ ಮನೆ ಒಲೆ ಯಾಕ್ರಿ ಆರಬೇಕು? ಇಷ್ಟು ವರ್ಷ ರಜಾ ಬಂದ್ರೆ ಹಟ್ಟಿ, ಹಬ್ಬ ಬಂದ್ರೆ ಹಟ್ಟಿ. ಒಂದು ದಿನ ಅಂದೀನಾ? ಈಗ ಬಾಯಿ ಮುಚ್ಕಂಡು ಒಂದು ತಾಸು ಕುಂತು ಬರಾಕೆ ಆಗಲ್ವಾ?"

"ಆಗ್ತದೆ," ಎಂದರು ಮೇಷ್ಟ್ರು.

ಎರಡು ದಿನ ಬಿಟ್ಟು ಕೋಟೆಯ ಬಾಗಿಲ ಎದುರಿನ ಟೀ ಅಂಗಡಿಯಲ್ಲಿ ನನಗೂ ಹೇಳಿದರು: "ತೀರ್ಮಾನ ಮಾಡಿದೀನಿ. ಪರೀಕ್ಷಕರು ಕೇಳಿದ್ರೆ ಹೇಳ್ತೀನಿ. ಕೇಳದಿದ್ರೆ ಸುಮ್ಮನಿರ್ತೀನಿ." ಇದು ನನಗೆ ಪರಮ ಧಾರ್ಮಿಕವಾದ ನಿಲುವೆನಿಸಿತು. ನಮ್ಮ ವೃತ್ತಿಯೇ ಅದರ ಮೇಲೆ ನಿಂತಿದೆ.

ಮೌಖಿಕ ಪರೀಕ್ಷೆಯ ಬಗ್ಗೆ ತಿಳಿಯದವರಿಗಾಗಿ ಒಂದು ಮಾತು. ಅದಕ್ಕೆ ಪರೀಕ್ಷೆ ಎಂದು ಹೆಸರಿದ್ದರೂ ನಮ್ಮ ಕಡೆ ಅದನ್ನು ಮದುವೆಯಂತೆ ನಡೆಸುತ್ತಾರೆ. ಅಭ್ಯರ್ಥಿ ಫೇಲಾದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಊಟ ಮೊದಲೇ ಬೇಯುತ್ತಿರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಪಕ್ಕದ ಕೋಣೆಯಲ್ಲಿ ಕಾದಿರುತ್ತವೆ. ಅಂದೂ ಹಾಗೆಯೇ ಇತ್ತು. ಮೇಷ್ಟ್ರ ಹೆಂಡತಿ ಹೋಳಿಗೆಯ ಉಸ್ತುವಾರಿಯಲ್ಲಿದ್ದರು. ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಾವೆಲ್ಲ ತುಂಬಿದ್ದೆವು. ರಸಾಯನಶಾಸ್ತ್ರದವರು ಮೊದಲ ಸಾಲಿನಲ್ಲಿ ಕೂತು ಶುಭ ಕೋರುವ ಮುಖ ಮಾಡಿಕೊಂಡಿದ್ದರು.

ಪರೀಕ್ಷಕರು ಬಡಗಣ ಸೀಮೆಯ ವೃದ್ಧ ಪ್ರಾಧ್ಯಾಪಕರು. ಕೈಯಲ್ಲಿ ಊರುಗೋಲು. ಜೀವಮಾನವೆಲ್ಲ ಪಾದ್ರಿಯ ಪರವಾಗಿ ಬರೆದವರು, ಅವರ ಪುಸ್ತಕವನ್ನೇ ಮೇಷ್ಟ್ರು ಎರಡನೆಯ ಅಧ್ಯಾಯದಲ್ಲಿ ಹರಿದು ಹಾಕಿದ್ದರು. ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ. ಸಿಟ್ಟು ಬಂದಾಗ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ನನಗೆ ಚೆನ್ನಾಗಿ ನೆನಪಿರುವುದು ಆ ಭಾಗಗಳೇ.

"ಭೂಮಿ ರಬ್ಬರ್ ಅಲ್ರೀ, ಜಗ್ಗಿದಷ್ಟೂ ಉದ್ದ ಆಗಾಕ!" ಎಂದು ಕೋಲು ಕುಟ್ಟಿದರು ಪರೀಕ್ಷಕರು.

"ಭೂಮಿ ಜಗ್ಗಲ್ಲ ಸಾರ್, ನೀರು ಜಗ್ತದೆ. ಮಾರಿಕಣಿವೆಗೆ ಕಟ್ಟೆ ಕಟ್ಟಿದ ಮೇಲೆ ಹಿರಿಯೂರಿನ ಹೊಲ ಎಕರೆಯಲ್ಲಿ ಹೆಚ್ಚಾಗ್ಲಿಲ್ಲ, ತೆನೆಯಲ್ಲಿ ಹೆಚ್ಚಾತು. ಆ ಕಟ್ಟೆ ಕಟ್ಟಿದ್ದು ಯಾರು? ಪಾದ್ರಿ ಬ್ಯಾಡ ಅಂದ ಕೈಗಳೇ."

"ಮಂದಿ ಹೆಚ್ಚಾದ್ರ ಅರಸರ ಬೊಕ್ಕಸ ತುಂಬ್ತದ ಅಂತ ಬರ್ದೀರಿ. ಇದು ಹಳೇ ಕಾಲದ ಮಾತು."

"ಆ ಕಿಟಕಿಯಾಗೆ ನೋಡ್ರಿ ಸಾರ್, ಕೋಟೆ ಕಾಣ್ತದೆ. ಅದನ್ನ ಕಟ್ಟಿಸಿದೋರು ಜನ ಜಾಸ್ತಿ ಆದ್ರು ಅಂತ ಅತ್ತಿರಾಕಿಲ್ಲ. ಕಾಡು ಕಡಿಯಾಕೆ, ಕೆರೆ ಕಟ್ಟಾಕೆ ಆಳು ಸಾಲಲ್ಲ ಅಂತ ಅತ್ತಿರ್ತಾರೆ. ಅದೂ ಅರ್ಥಶಾಸ್ತ್ರನೇ."

ಪಾದ್ರಿ ಒಂದೊಂದೇ ಮೆಟ್ಟಿಲು ಹಿಂದೆ ಸರಿಯುತ್ತಿದ್ದ. ಮೇಷ್ಟ್ರ ಮುಖ ಕೆಂಪೇರಿತ್ತು. ಐದನೆಯ ಅಧ್ಯಾಯವನ್ನು ಅವರೇ ಮರೆತಂತಿತ್ತು. ನಾನು ಮರೆತಿರಲಿಲ್ಲ. ಪರೀಕ್ಷಕರ ಬೆರಳು ಪುಟ ತಿರುಗಿಸಿದಾಗಲೆಲ್ಲ ನಾನು ಅಧ್ಯಾಯ ಎಣಿಸುತ್ತಿದ್ದೆ. ಬೆರಳು ನಾಲ್ಕು ದಾಟಿತು. ಐದಕ್ಕೆ ಬಂತು. ನಿಂತಿತು. ಮಾರ್ಗದರ್ಶಕರು ಮೇಜಿನ ಮೇಲಿನ ಲೋಟದ ನೀರನ್ನು ಪೂರಾ ಕುಡಿದರು.

ಪರೀಕ್ಷಕರು ಅದರ ಲೆಕ್ಕದ ಪಟ್ಟಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಸಂಪುಟವನ್ನು ಮುಚ್ಚಿದರು.

"ಇದರ ಬಗ್ಗೆ ನಾ ಏನೂ ಕೇಳೂದಿಲ್ಲ," ಎಂದರು. ಮಾರ್ಗದರ್ಶಕರು ಖಾಲಿ ಲೋಟ ಕೆಳಗಿಟ್ಟರು. "ಯಾಕಂದ್ರ ಕೇಳಾಕ ನನ್ನ ಕಡೆ ಏನೂ ಉಳದಿಲ್ಲ. ಉಳಿದ ಮಾತಿಗೆಲ್ಲ ನಾ ಇನ್ನೂ ಜಗಳಾಡ್ತಿದ್ದೆ. ಇವರು ಹಟ್ಟಿಹಟ್ಟಿ ತಿರುಗಿ ಒಲಿ ಎಣಿಸಿ ತಂದಾರ. ಎಣಿಕಿ ಮುಂದ ಹಟ ನಡೆಯೂದಿಲ್ಲ. ನಾ ಇಷ್ಟು ವರ್ಷ ಕಲಿಸಿದ್ದು ತಪ್ಪಂತ ಈ ಮಂದಿ ಮುಂದ ಒಪ್ಕೋತೀನಿ. ನನ್ನ ಪುಸ್ತಕದಾಗ ಈ ಅಧ್ಯಾಯ ಸೇರಿಸ್ತೀನಿ."

ಚಪ್ಪಾಳೆ ಬಿತ್ತು. ಎದ್ದು ನಿಂತು ತಟ್ಟಿದವರಲ್ಲಿ ನಾನೂ ಒಬ್ಬ. ಜವಾನ ಹಾರದ ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಕೇಳದಿದ್ದರೆ ಸುಮ್ಮನಿರುತ್ತೇನೆ ಎಂದಿದ್ದರು. ಕೇಳುವುದಿಲ್ಲ ಎಂದು ಪರೀಕ್ಷಕರೇ ಘೋಷಿಸಿಯಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಯಾರ ಧರ್ಮಸಂಕಟವೂ ಬಗೆಹರಿದದ್ದಿಲ್ಲ.

ನಾನು ಮೇಷ್ಟ್ರನ್ನು ನೋಡಿದೆ. ಅವರು ಮುದುಕರನ್ನು ನೋಡುತ್ತಿದ್ದರು. ಗೆದ್ದವನ ಮುಖ ಅದಾಗಿರಲಿಲ್ಲ. ವೈರಿಗೆ ಸುಳ್ಳು ಹೇಳಲು ಅವರು ಸಿದ್ಧರಾಗಿ ಬಂದಿದ್ದರು. ವೈರಿ ನಂಬಿಬಿಡುತ್ತಾನೆ ಎಂಬುದಕ್ಕೆ ಸಿದ್ಧರಾಗಿರಲಿಲ್ಲ.

"ಒಪ್ಪಬ್ಯಾಡ್ರಿ ಸಾರ್," ಎಂದರು.

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದರು, ಈ ಸಲ ಮೇಜಿನ ಮೇಲೆ ಕೈಯೂರಿ: "ಒಪ್ಪಬ್ಯಾಡ್ರಿ ಸಾರ್! ಪುಸ್ತಕಕ್ಕೆ ಹಾಕಬ್ಯಾಡ್ರಿ. ಆ ಎಣಿಕೆ ತಪ್ಪೈತೆ."

ಮಾರ್ಗದರ್ಶಕರು ಥಟ್ಟನೆ ಎದ್ದರು. "ಅಭ್ಯರ್ಥಿಗೆ ಬೆಳಿಗ್ಗೆಯಿಂದ ಬಿ.ಪಿ. ಸರಿಯಿಲ್ಲ."

"ಬಿ.ಪಿ. ಸರಿಯೈತೆ. ಒಲೆ ಸರಿಯಿಲ್ಲ," ಎಂದು ಮೇಷ್ಟ್ರು ತಿಥಿಯ ಮನೆ, ನಾಲ್ಕು ಬಾಗಿಲು, ಮಸಿ, ಸೊಸೆ ಹೇಳಿದ ಮಾತು, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಪಾಠ ಹೇಳುವಾಗ ಅವರ ದನಿ ಇಷ್ಟು ಸ್ಪಷ್ಟವಾಗಿದ್ದುದನ್ನು ನಾನು ಕೇಳಿಲ್ಲ. ಜವಾನ ಹಾರದ ತಟ್ಟೆಯೊಂದಿಗೆ ಮುಂದೆ ಬರುವುದೋ ಹಿಂದೆ ಹೋಗುವುದೋ ತಿಳಿಯದೆ ಗೋಡೆಗೆ ಅಂಟಿಕೊಂಡಿದ್ದ.

ಪರೀಕ್ಷಕರು ಕೋಲಿನ ಮೇಲೆ ಗದ್ದವಿಟ್ಟು ಕೇಳಿಸಿಕೊಂಡರು. "ಹಂಗಾರ ಪಾದ್ರಿ ಹೇಳಿದ್ದು ಖರೆ ಅಂತೀರೇನು?"

"ಅದೂ ಗೊತ್ತಿಲ್ಲ ಸಾರ್. ನಾನು ಎಣಿಸಿದ್ದು ತಪ್ಪು ಅಂಬೋದು ಒಂದೇ ಗೊತ್ತಿರಾದು."

"ಸುಮ್ಮ ಕುಂತಿದ್ರ ಇಷ್ಟೊತ್ತಿಗೆ ಡಾಕ್ಟರ್ ಆಗಿರ್ತಿದ್ರಿ."

"ಆಗಿರ್ತಿದ್ದೆ ಸಾರ್. ನೀವು ಬೈದಿದ್ರೆ ಸುಮ್ಮನೇ ಇರ್ತಿದ್ದೆ."

ಮುದುಕರು ನಗುತ್ತಾರೆಂದು ನಾನು ಅಂದುಕೊಂಡೆ. ನಗಲಿಲ್ಲ. ಸಂಪುಟವನ್ನು ಮತ್ತೆ ತೆರೆದು ಮೊದಲ ಪುಟದಲ್ಲಿ ಏನೋ ಬರೆದು, ಸಹಿ ಹಾಕಿ, ಮಾರ್ಗದರ್ಶಕರ ಕಡೆ ತಳ್ಳಿದರು.

ಊಟವಾಗಬೇಕಾಗಿತ್ತು. ಬೆಂದ ಹೋಳಿಗೆಗೆ ಫಲಿತಾಂಶ ಕಟ್ಟಿಕೊಂಡು ಏನು? ಪರೀಕ್ಷಕರು ಎರಡು ಸಲ ಹಾಕಿಸಿಕೊಂಡರು. ಮಾರ್ಗದರ್ಶಕರು ಹಸಿವಿಲ್ಲವೆಂದು ಕಾರಿನಲ್ಲಿ ಕೂತರು. ರಸಾಯನಶಾಸ್ತ್ರದವರು ಮೇಷ್ಟ್ರ ಕೈ ಕುಲುಕಿ, ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಮನಃಪೂರ್ವಕ ಮಾತು ಅದು. ಮೇಷ್ಟ್ರ ಹೆಂಡತಿ ಸಾಲಿನ ಕೊನೆಯಲ್ಲಿ ಗಂಡನ ಎಲೆಯ ಮುಂದೆ ನಿಂತು ತುಪ್ಪದ ಗಿಂಡಿ ಬಗ್ಗಿಸಿದರು.

"ಬೈಯಲ್ವಾ?" ಎಂದರು ಇವರು, ತಲೆ ತಗ್ಗಿಸಿಯೇ.

"ಬೈತೀನಿ. ಊರಿಗೆಲ್ಲ ಬಡಿಸಿ ಆಗ್ಲಿ. ಉಣ್ರಿ."

ಪರೀಕ್ಷಕರು ಮೊದಲ ಪುಟದಲ್ಲಿ ಬರೆದಂತೆ, ತಿದ್ದಿ ಮತ್ತೆ ಸಲ್ಲಿಸಲು ವಿಶ್ವವಿದ್ಯಾಲಯ ಕಾಲಾವಕಾಶ ಕೊಟ್ಟಿತು. ಮೇಷ್ಟ್ರು ಮತ್ತೆ ಹಟ್ಟಿಗಳಿಗೆ ಹೋದರು. ಕೆಲವು ಸಲ ನಾನೂ ಜತೆಗಿದ್ದೆ. ಜಗುಲಿಯ ಮೇಲೆ ಅದೇ ಹಿರಿಯರು. ಅದೇ ಪ್ರಶ್ನೆ. "ಒಲೆ ಎಷ್ಟು ಯಜಮಾನ್ರೆ?" "ಒಂದೇ ಐತೆ ಬಿಡ್ರಿ, ಬ್ಯಾರೆ ಯಾಕಾಗ್ತದೆ? ಕುಂತ್ಕಳ್ರಿ, ಮಜ್ಜಿಗೆ ತರಸ್ತೀನಿ." ಒಳಗಿನಿಂದ ಹಲವು ಕಡೆಯ ಹೊಗೆ ಬೇರೆಬೇರೆಯಾಗಿ ಹೆಂಚಿನ ಮೇಲೆ ಏಳುತ್ತಿತ್ತು. ಮೇಷ್ಟ್ರು ಅದನ್ನು ನೋಡುತ್ತಿದ್ದರು, ಹಿರಿಯನೂ ಅವರು ನೋಡುತ್ತಿರುವುದನ್ನು ನೋಡುತ್ತಿದ್ದ.

"ಹೊಗೆ ಲೆಕ್ಕ ಹಾಕಿ ಬರೆದುಬಿಡಿ," ಎಂದೆ ಒಮ್ಮೆ.

"ಆ ಮನುಷ್ಯ ನನ್ನ ಎದುರಿಗೆ ಒಂದೇ ಅಂತಾನೆ, ನಾನು ಬೆನ್ನ ಹಿಂದೆ ನಾಲ್ಕು ಅಂತ ಬರೀಲಾ? ಅವರ ಮರ್ಯಾದೆ ಒಡೆದು ನಾನು ಮನೆ ಕಟ್ಟಲಾ?"

"ಹಾಗಾದರೆ ಕಾಯಿರಿ."

"ಏನಂತ? ಹಿರೇರು ಸಾಯ್ಲಿ ಅಂತಾನಾ? ಅದೊಂದು ಸಂಶೋಧನಾ ವಿಧಾನ ಅಲ್ಲ ಕಣ್ರಿ." ಮಜ್ಜಿಗೆ ಕುಡಿದರು. ನನ್ನ ಪಾಲಿನದನ್ನೂ ಅವರೇ ಕುಡಿದರು.

ಐದನೆಯ ಅಧ್ಯಾಯ ತಿದ್ದದೆಯೇ ಉಳಿದು, ವಿಶ್ವವಿದ್ಯಾಲಯ ಕೊಟ್ಟ ಗಡುವು ಮುಗಿಯಿತು. ಅವರ ನೋಂದಣಿ ರದ್ದಾಯಿತು. ರಸಾಯನಶಾಸ್ತ್ರದವರು ಪ್ರಾಂಶುಪಾಲರಾದರು.